ಮಖಮಲ್ಲಿನ ಮೇಲಿನ ಕೊಲ್ಲಿ

ಲಿಂಗರಾಜಪುರ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದ ನಾನು ಕಣ್ಣಾರೆ ಕಂಡಿದ್ದ ಸಮುದ್ರ ಒಂದೇ, ಮಂಗಳೂರಿನದು. ಅದನ್ನೂ ಶಾಲಾ ಪ್ರವಾಸದಲ್ಲಿ ಮಕ್ಕಳ ತಲೆ ಎಣಿಸುತ್ತಾ ನಿಂತಿದ್ದರಿಂದ ಸರಿಯಾಗಿ ನೋಡಲಿಲ್ಲ. ನಿವೃತ್ತಿಯಾದ ಎರಡನೆಯ ವರ್ಷ ಇರಾನಿಗೆ ಹೊರಟಿದ್ದೇನೆ ಎಂದಾಗ ನಮ್ಮ ಬೀದಿಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮಿಸ್, ಅಲ್ಲಿ ಯುದ್ಧ ನಡೀತಿಲ್ವಾ?" ಅದು ಪಕ್ಕದ ದೇಶ ಎಂದು ಹೇಳಿ ಹೇಳಿ ಸಾಕಾಯಿತು. ಹಾಗೆ ಕೇಳಿದವರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು. ನನ್ನ ಹಣೆಬರಹ.

ಹೊರಟಿದ್ದು ಒಂದು ಮದುವೆಗೆ. ವರ ಬೆಹ್ರೂಜ್, ಬುಶೆಹ್ರ್ ಎಂಬ ಕಡಲ ಊರಿನವನು. ಬೆಂಗಳೂರಿಗೆ ಫಾರ್ಮಸಿ ಓದಲು ಬಂದು ನಮ್ಮ ಮಹಡಿ ಮನೆಯಲ್ಲಿ ನಾಲ್ಕು ವರ್ಷ ಬಾಡಿಗೆಗಿದ್ದ. ಅವನು ಕಲಿತ ಮೊದಲ ಕನ್ನಡ ವಾಕ್ಯ "ಆಂಟಿ, ನೀರು ಬಂತಾ?" ವಧು ನಸ್ರೀನ್, ಶಿವಾಜಿನಗರದವಳು, ನನ್ನ ಕೈಯಲ್ಲೇ ಓದಿದವಳು. ಕಾಲೇಜು ಸೇರಿದ ಮೇಲೂ ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಿದ್ದಳು. ನನ್ನನ್ನು ನೋಡಲು ಬರುತ್ತಾಳೆಂದು ನಾನು ನಂಬಿದ್ದೆ. ಮಿಸ್ ಎನಿಸಿಕೊಂಡವರು ಇಷ್ಟು ಪೆದ್ದರಾಗಿರಬಾರದು.

ನಮ್ಮ ಮೆಟ್ಟಿಲ ಗೋಡೆಯ ಮೇಲೆ ಶಾಲೆಯಿಂದ ತಂದ ಹಳೆಯ ಏಷ್ಯಾ ನಕ್ಷೆಯೊಂದಿತ್ತು. ಇರಾನಿಗೂ ಅರಬ್ ದೇಶಗಳಿಗೂ ನಡುವಿನ ನೀರಿನ ಮೇಲೆ ಅದರಲ್ಲಿ ಬರೀ 'ಗಲ್ಫ್' ಎಂದು ಅಚ್ಚಾಗಿತ್ತು. ಬೆಹ್ರೂಜ್ ಬಂದ ವಾರದಲ್ಲೇ ಬಾಲ್‌ಪೆನ್ನಿನಿಂದ ಅದರ ಮುಂದೆ 'ಪರ್ಷಿಯನ್' ಎಂದು ಸೇರಿಸಿದ. "ಅಪ್ಪ ಅಮ್ಮ ಇಟ್ಟ ಹೆಸರು ಇದೆ ಆಂಟಿ ಅದಕ್ಕೆ," ಎಂದ. ಕೆಲವು ತಿಂಗಳ ಮೇಲೆ ಫ್ಯೂಸ್ ಹಾಕಲು ಬಂದ ರಾಮಮೂರ್ತಿ ನಗರದ ಎಲೆಕ್ಟ್ರಿಷಿಯನ್ ಮೆಟ್ಟಿಲ ಮೇಲೆ ನಿಂತು ನಕ್ಷೆ ನೋಡಿದ. "ಮೇಡಂ, ಯಾರೋ ತಪ್ಪು ಬರ್ದವ್ರೆ. ಆರು ವರ್ಷ ಅಲ್ಲೇ ಇದ್ದೆ ನಾನು. ಬೋರ್ಡ್ ಬೋರ್ಡ್‌ನಲ್ಲೂ ಅರೇಬಿಯನ್ ಗಲ್ಫ್ ಅಂತಾನೇ ಇರೋದು," ಎಂದು ಕಿವಿಯ ಪೆನ್ಸಿಲ್ ತೆಗೆದು ಹೊಡೆದುಹಾಕಿಯೇ ಬಿಟ್ಟ. ಸಂಜೆ ಬೆಹ್ರೂಜ್ ಅದನ್ನು ನೋಡಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಎಲೆಕ್ಟ್ರಿಷಿಯನ್ ಮಾಡಿದ್ದಕ್ಕೆ ನಾನೇನು ಮಾಡಲಿ!

ಹಳೆಯ ಗ್ರೀಕರ ಕಾಲದಿಂದಲೂ ಆ ಕೊಲ್ಲಿಗೆ ಪರ್ಷಿಯದ ಹೆಸರೇ. ಹಳೆಯ ಪಾಶ್ಚಾತ್ಯ ನಕ್ಷೆಗಳಲ್ಲಿ ಅರಬ್ಬೀ ಕೊಲ್ಲಿ ಎಂದರೆ ನಮ್ಮ ಇಂದಿನ ಕೆಂಪು ಸಮುದ್ರ. ಆಚೆ ದಡದ ದೇಶಗಳು ತಮ್ಮ ಅರಬ್‌ತನವನ್ನು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದ ಮೇಲೆ, ನಮ್ಮ ದಡಕ್ಕೂ ಬಡಿಯುವ ನೀರಿಗೆ ಬರೀ ಅವರ ಹೆಸರೇಕೆ ಎಂದು ತಮ್ಮ ಹೆಸರಿಟ್ಟುಕೊಂಡವು. ಪಾಠವಾಗಿ ಹೇಳುವುದಾದರೆ ಇಷ್ಟೇ. ನಮ್ಮ ಕಡೆ ಮಾತ್ರ ಯಾರಿಗೂ ಎರಡೂ ಬೇಡ. ಟ್ಯಾನರಿ ರೋಡಿನಲ್ಲಿ ಯಾರನ್ನು ಕೇಳಿದರೂ ಮಗ "ಗಲ್ಫ್‌ನಲ್ಲಿದಾನೆ" ಎನ್ನುತ್ತಾರೆ, ನೀರಿನಲ್ಲೇ ಮುಳುಗಿಕೊಂಡಿದ್ದಾನೆ ಎಂಬಂತೆ.

ಶಿವಾಜಿನಗರ

ನಸ್ರೀನಳ ತಂದೆ ರಹಮತ್ ಭಾಯ್ ಜರಿ ಕೆಲಸದವರು. ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಮಂಚದಷ್ಟು ದೊಡ್ಡ ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ನೆಲದ ಮೇಲೆ ಕೂತು, ಕೊಕ್ಕೆಸೂಜಿಯಿಂದ ಮದುವೆ ದುಪಟ್ಟಾಗಳಿಗೆ ಹೂಬಳ್ಳಿ ತುಂಬುವ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ತಮ್ಮ ತಾಯಿಯ ಹತ್ತಿರ ಬಿಟ್ಟು ಹನ್ನೊಂದು ವರ್ಷ ಶಾರ್ಜಾದಲ್ಲಿ ಇದೇ ಕೆಲಸ ಮಾಡಿ ಬಂದವರು. ಅವರ ತಾಯಿ ಕೊನೆಯವರೆಗೂ ಶಿವಾಜಿನಗರವನ್ನು ಬ್ಲಾಕ್‌ಪಲ್ಲಿ ಎಂದೇ ಕರೆದರು. ಬಿಳಿ ಅಕ್ಕಿ ಬೆಳೆಯುತ್ತಿದ್ದ ಪಳ್ಳಿಯಿಂದ ಆ ಹೆಸರು ಬಂತೆಂದು ಕೆಲವರು, ಬಿಳಿಯರು ನಮ್ಮ ಬಣ್ಣ ನೋಡಿ ಇಟ್ಟದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಅಜ್ಜಿಗೆ ಎರಡೂ ಬೇಕಿರಲಿಲ್ಲ. ಅವರು ಸೊಸೆಯಾಗಿ ಬಂದಿಳಿದ ಊರಿನ ಹೆಸರು ಅದು, ಅಷ್ಟೇ.

ಮದುವೆಗೆ ರಹಮತ್ ಭಾಯ್ ಒಪ್ಪಿರಲಿಲ್ಲ. ಹುಡುಗನ ಕಡೆಯವರು ಶಿಯಾ, ನಾವು ಸುನ್ನಿ; ದೂರದ ದೇಶ; ಭಾಷೆ ಬರಲ್ಲ, ಎಂದರು. ಆರು ತಿಂಗಳು ಒಂದೇ ಮನೆಯಲ್ಲಿದ್ದೂ ಮಗಳ ಜೊತೆ ಮಾತಾಡಲಿಲ್ಲ. ಕೊನೆಗೆ ನಿಕಾಹ್‌ಗೆ ಬೇಕಾದ ತಂದೆಯ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು.

"ಸಹಿ ಹಾಕಿದೀನಿ ಟೀಚರಮ್ಮ. ಇಷ್ಟೇ. ನಾನು ಬರಲ್ಲ."

"ನೀವಲ್ದೆ ಇನ್ಯಾರು ಬರ್ಬೇಕು ರಹಮತ್ ಭಾಯ್?"

"ನಿಮ್ಮ ಮಹಡಿ ಮೇಲಿನ ಹುಡುಗ ಅಲ್ವಾ? ನೀವೇ ಕರ್ಕೊಂಡು ಹೋಗಿ."

ಮಾತು ಚುಚ್ಚಿತು. ಸುಳ್ಳೂ ಆಗಿರಲಿಲ್ಲ. ಹೀಗೆ ಹೆಣ್ಣಿನ ಕಡೆಯ ಹಿರಿಯಳಾಗಿ ನಾನು ಹೊರಟೆ.

ಹೊರಡುವ ಬೆಳಗ್ಗೆ ರಹಮತ್ ಭಾಯ್ ಆಟೋ ಮಾಡಿಕೊಂಡು ನಮ್ಮ ಮನೆಗೇ ಬಂದರು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿ ಅಂಚು ಹೊಲಿದ ಒಂದು ಕಟ್ಟು. ಹಿಂದಿನ ರಾತ್ರಿಯೇ ನಮ್ಮಲ್ಲಿಗೆ ಬಂದು ಒಳಗೆ ನಿಂತಿದ್ದ ಮಗಳ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದರು: "ಇದನ್ನ ಮದುವೇಲಿ ಎಲ್ಲರ ಎದುರಿಗೆ ಬಿಚ್ಚಿ. ಅವಳು ಬಾಪ್ ಇಲ್ದೋಳು ಅಂತ ಯಾರೂ ಅನ್ಬಾರ್ದು." ಕಾಫಿ ಮಾಡುತ್ತೇನೆ ಎಂದರೂ ನಿಲ್ಲಲಿಲ್ಲ.

ದುಬೈ

ಇರಾನಿನಲ್ಲಿ ತಲೆಗೂದಲೂ ಮೈಯೂ ಮುಚ್ಚಿರಬೇಕು ಎಂದು ಬೆಹ್ರೂಜ್ ಮೊದಲೇ ಬರೆದಿದ್ದ. ತಲೆಗೆ ಸೆರಗಿದೆ, ಆದರೆ ಸೀರೆ ಉಟ್ಟವಳ ಸೊಂಟ ಮುಚ್ಚುವುದು ಹೇಗೆ? ಉದ್ದನೆಯ ಕೋಟು ನನ್ನಲ್ಲಿ ಒಂದೇ ಇದ್ದದ್ದು, ಮಳೆಗಾಲದ ರೈನ್‌ಕೋಟು. ಅದನ್ನೇ ತೊಟ್ಟು ಹೊರಟೆ. ಬೆಂಕಿಯಂಥ ಬಿಸಿಲಿನ ಆ ಪ್ರದೇಶದಲ್ಲಿ ನನ್ನನ್ನು ನೋಡಿದವರೆಲ್ಲ ಒಮ್ಮೆ ಆಕಾಶ ನೋಡುತ್ತಿದ್ದರು.

ದುಬೈಯಲ್ಲಿ ವಿಮಾನ ಬದಲಿಸಬೇಕಿತ್ತು. ತಪಾಸಣೆಯವನು ರಹಮತ್ ಭಾಯ್ ಕೊಟ್ಟ ಕಟ್ಟನ್ನು ತೋರಿಸಿ ಬಿಚ್ಚಿ ಎಂದ. ಎಲ್ಲರ ಎದುರಿಗೆ ಬಿಚ್ಚಿ ಎಂದು ರಹಮತ್ ಭಾಯ್ ಹೇಳಿದ್ದರು. ಆದರೆ ಆ ಎಲ್ಲರು ಇವರಲ್ಲ. ಬೇರೆ ದಾರಿಯಿರಲಿಲ್ಲ. ಹೊಲಿಗೆ ಬಿಚ್ಚಿ ಹರಡಿದಾಗ ನಮ್ಮ ಹಿಂದೆ ಸಾಲಿನಲ್ಲಿದ್ದವರೂ ಬಗ್ಗಿ ನೋಡಿದರು.

ಕಡುನೀಲಿ ಮಖಮಲ್ಲು. ಅದರ ಮೇಲೆ ಚಿನ್ನದ ಬಣ್ಣದ ಜರಿಯಲ್ಲಿ ಒಂದು ನಕ್ಷೆ. ಕೆಳಗೆ ಬಲಕ್ಕೆ ಸಣ್ಣ ನಕ್ಷತ್ರ, ಅದು ಬೆಂಗಳೂರು. ಅಲ್ಲಿಂದ ಚುಕ್ಕಿ ಚುಕ್ಕಿಯಾಗಿ ಕಡಲು ದಾಟುವ ದಾರಿ. ಮೇಲೆ ಎಡಕ್ಕೆ ಇನ್ನೊಂದು ನಕ್ಷತ್ರ, ಬುಶೆಹ್ರ್. ಎಂಟನೇ ಕ್ಲಾಸಿನಲ್ಲಿ ನಾನು ನಸ್ರೀನಳ ಕೈಯಲ್ಲಿ ಬರೆಸಿದ್ದ ನಕ್ಷೆಯನ್ನೇ ಈ ಮನುಷ್ಯ ಎಲ್ಲಿಂದಲೋ ಹುಡುಕಿ ತೆಗೆದು ಹೊಲಿದಿದ್ದರು. ನಾನು ಅಂದು ತಿದ್ದಿದ್ದ ಕರಾವಳಿಯ ಬಳುಕು ಹಾಗೇ ಇತ್ತು. ಕೊಲ್ಲಿಯ ನೀರಿನ ಮೇಲೆ ಉರ್ದು ಅಕ್ಷರಗಳಲ್ಲಿ ಎರಡು ಪದ. ತಪಾಸಣೆಯವನು ಅದನ್ನು ಓದಿ, "ಮಾಷಾ ಅಲ್ಲಾ," ಎಂದು ತಲೆದೂಗಿ ತಾನೇ ಮಡಿಸಿಕೊಟ್ಟ.

ನಸ್ರೀನ್ ಅಳುತ್ತಿದ್ದಳು. ಆರು ತಿಂಗಳಲ್ಲಿ ಅಪ್ಪ ಅವಳಿಗೆ ಹೇಳಿದ ಮೊದಲ ಮಾತು ಇದು.

"ಏನಮ್ಮ ಬರ್ದಿದಾರೆ?" ಎಂದೆ.

"ಖಲೀಜ್-ಎ-ಅರಬ್. ಅರೇಬಿಯನ್ ಗಲ್ಫ್," ಎಂದಳು. ಕಣ್ಣೊರೆಸಿಕೊಳ್ಳುತ್ತಿದ್ದ ಕೈ ಅರ್ಧಕ್ಕೇ ನಿಂತಿತು. ನನಗೂ ನಮ್ಮ ಮೆಟ್ಟಿಲ ಗೋಡೆ ನೆನಪಾಯಿತು.

ಬುಶೆಹ್ರ್, ಮೊದಲ ದಿನ

ಬೆಹ್ರೂಜನ ತಂದೆಯನ್ನು ಊರೆಲ್ಲ ಕ್ಯಾಪ್ಟನ್ ಎನ್ನುತ್ತದೆ. ನಲವತ್ತು ವರ್ಷ ಮರದ ಹಡಗು ನಡೆಸಿದವರು. ಒಬ್ಬ ತಮ್ಮನನ್ನು ಅದೇ ನೀರಿಗೆ ಕೊಟ್ಟವರು. ಕೊಲ್ಲಿಯ ಆ ಇನ್ನೊಂದು ಹೆಸರು ಅಚ್ಚಾದ ಕಾಗದ ಮನೆಗೆ ಬಂದರೆ ಒಡೆಯದೆ ಅಂಚೆಯವನಿಗೇ ವಾಪಸು ಕೊಡುತ್ತಾರಂತೆ. ಒಮ್ಮೆ ಆಚೆ ದಡದಿಂದ ಬಂದ ನೆಂಟರು ತಂದ ಕ್ಯಾಲೆಂಡರಿನಲ್ಲಿ ಆ ಹೆಸರಿತ್ತೆಂದು ನೆಂಟರನ್ನೇ ಎರಡು ವರ್ಷ ಹೊಸ್ತಿಲು ತುಳಿಸಲಿಲ್ಲ. ಇದನ್ನೆಲ್ಲ ಬೆಹ್ರೂಜ್ ಕಾರಿನಲ್ಲಿ ನಗುತ್ತಾ ಹೇಳಿದ. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ನಗಲಿಲ್ಲ.

ಮನೆಯವರು ತುಂಬ ಒಳ್ಳೆಯವರು, ಅದೇ ಕಷ್ಟ. ಚಹಾದ ತಟ್ಟೆ ಚೆನ್ನಾಗಿದೆ ಎಂದೆ, ತೆಗೆದುಕೊಂಡು ಹೋಗಿ ಎಂದರು. ಬೇಡ ಎಂದರೆ ಮತ್ತೆ, ಮತ್ತೆ. ನಮ್ಮಲ್ಲಿ "ಊಟ ಆಯ್ತಾ?" ಎಂದು ಒಂದು ಸಲ ಕೇಳಿ "ಆಯ್ತು" ಎಂದರೆ ಮುಗಿಯಿತು. ಇಲ್ಲಿ ಬೇಡ ಎನ್ನುವುದಕ್ಕೂ ದಮ್ಮು ಬೇಕು. ಸಕ್ಕರೆಯ ಗಟ್ಟಿ ತುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚಹಾ ಹೀರಬೇಕಂತೆ. ನಾನು ಲೋಟಕ್ಕೆ ಹಾಕಿ ಕದಡಿದ್ದನ್ನು ಮಕ್ಕಳು ಸುತ್ತ ನಿಂತು ನೋಡಿದರು. ಮಾಂಸ ತಿನ್ನದವಳಿಗೆ ಏನು ಬಡಿಸುವುದೆಂದು ಮನೆಯೊಡತಿ ಪರದಾಡುವಾಗ ನಾನೇ ಅನ್ನಕ್ಕೆ ಮೊಸರು ಸುರಿದು ಕಲಸಿ ಬಾಯಿಗಿಟ್ಟೆ. ಆಕೆ ಕೆನ್ನೆಗೆ ಕೈಯಿಟ್ಟು ಕೂತರು. ಮೊಸರನ್ನಕ್ಕೆ ಯಾರಾದರೂ ಅಷ್ಟು ದುಃಖಪಟ್ಟದ್ದನ್ನು ನಾನು ಕಂಡಿಲ್ಲ.

ಸಂಜೆ ಕ್ಯಾಪ್ಟನ್ ನಮ್ಮನ್ನು ದಂಡೆಗೆ ಕರೆದುಕೊಂಡು ಹೋದರು. ಕೊನೆಗೂ ಆ ನೀರನ್ನು ಕಂಡೆ. ಇಷ್ಟು ಜಗಳವಾಡುವಂಥದ್ದು ಏನಿದೆ ಎಂದು ನೋಡಿದೆ. ಸಪ್ಪೆ ಹಸಿರು, ಅಲೆಯೂ ಇಲ್ಲ. ನಮ್ಮ ಹಲಸೂರು ಕೆರೆಗೆ ಆಚೆ ದಡ ಇಲ್ಲದಿದ್ದರೆ ಹೀಗೇ ಕಾಣುತ್ತಿತ್ತು. ಕ್ಯಾಪ್ಟನ್ ಕೈ ನೀಡಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಬೆಹ್ರೂಜ್ ಕನ್ನಡಕ್ಕೆ ತಿರುಗಿಸಿದ: "ಚಿಕ್ಕಪ್ಪ ಅಲ್ಲಿ ಹೋದ್ರು ಆಂಟಿ. ಸಿಗಲಿಲ್ಲ." ನಾನು ಸೆರಗು ಸರಿ ಮಾಡಿಕೊಂಡೆ.

ಬುಶೆಹ್ರ್, ಮದುವೆಯ ಹಿಂದಿನ ದಿನ

ಮಧ್ಯಾಹ್ನ ಊಟವಾದ ಮೇಲೆ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ. ಮೇಲಿನ ಕೋಣೆಯಲ್ಲಿ ನಾನೂ ನಸ್ರೀನೂ ಮಖಮಲ್ಲನ್ನು ಚಾಪೆಯ ಮೇಲೆ ಹರಡಿಕೊಂಡು ಕೂತೆವು. ಮರುದಿನ ವಧೂವರರು ಕೂರುವ ಜಾಗದ ಹಿಂದೆ ಹೆಣ್ಣಿನ ಮನೆಯ ಬಟ್ಟೆ ತೂಗುಹಾಕಬೇಕು. ಬೀಗಿತ್ತಿ ಆಗಲೇ ಮೊಳೆ ಹೊಡೆಸಿಟ್ಟು, "ನಿಮ್ಮದು ತಂದಿದ್ದೀರಲ್ಲ?" ಎಂದು ಎರಡು ಸಲ ಕೇಳಿದ್ದರು. ತೂಗಿದರೆ ಮಾವನ ಮುಖಕ್ಕೆ ಹೊಡೆದಂತೆ, ಅದೂ ಸೊಸೆಯಾದ ದಿನವೇ. ತೂಗದಿದ್ದರೆ ಅಪ್ಪ ಅಷ್ಟು ದೂರದಿಂದ ಬಂದೂ ಪೆಟ್ಟಿಗೆಯೊಳಗೇ ಉಳಿದಂತೆ.

"ನಿಮ್ಮಪ್ಪಂಗೆ ಗೊತ್ತಿರ್ಲಿಲ್ವಾ ಇವರ ವಿಷಯ?" ಎಂದು ರೇಗಿದೆ.

"ಅಬ್ಬಾ ಹನ್ನೊಂದು ವರ್ಷ ಆ ದಡದಲ್ಲಿದ್ರು ಮಿಸ್. ಅವರಿಗೆ ಅದರ ಹೆಸರು ಅದೇ. ನನ್ನ ಫೀಸು, ಯೂನಿಫಾರಂ ಎಲ್ಲಾ ಅಲ್ಲಿಂದಾನೇ ಬಂದಿದ್ದು."

ನನ್ನಲ್ಲಿನ ಉಪಾಧ್ಯಾಯಿನಿ ಎದ್ದು ಕೂತಳು. "ಹಾಗಾದ್ರೆ ಎರಡನೇ ಪದ ಬಿಚ್ಚಿ ಅಲ್ಲಿ ಇವರ ಹೆಸರು ಹೊಲಿ. ನಿಂಗೆ ಕೆಲಸ ಬರುತ್ತಲ್ಲ? ಹಳೇ ನಕ್ಷೆಗಳಲ್ಲೂ ಅದೇ ಇರೋದು, ತಪ್ಪೇನಿಲ್ಲ."

ನಸ್ರೀನ್ ನನ್ನನ್ನು ನೋಡಿದ ರೀತಿಗೆ ನನಗೇ ನಾಚಿಕೆಯಾಯಿತು. "ಬಿಚ್ತೀನಿ ಮಿಸ್. ಹೊಲಿಯಲ್ಲ. ಅಬ್ಬಾ ಆಡ್ದೇ ಇರೋ ಮಾತನ್ನ ಅವರ ಬಾಯಲ್ಲಿ ನಾನ್ಯಾಕೆ ಆಡಿಸ್ಲಿ?"

ಈ ಕೆಲಸದ ಒಂದು ಗುಟ್ಟು ಅಂದು ತಿಳಿಯಿತು. ಕೊಕ್ಕೆಸೂಜಿಯ ಹೊಲಿಗೆ ಸರಪಳಿಯ ಹಾಗೆ, ಕೊಂಡಿಗೆ ಕೊಂಡಿ. ಕೊನೆಯ ಗಂಟು ಎಲ್ಲಿದೆ ಎಂದು ಗೊತ್ತಿದ್ದರೆ, ಅದನ್ನು ಬಿಚ್ಚಿ ಎಳೆದರೆ ಪದಕ್ಕೆ ಪದವೇ ಒಂದೇ ಎಳೆಯಾಗಿ ಬಿಟ್ಟುಕೊಳ್ಳುತ್ತದೆ. ಗೊತ್ತಿಲ್ಲದವರು ಕತ್ತರಿ ಹಾಕಬೇಕು. ಜರಿ ಚೂರು ಚೂರು. ಆ ಗಂಟನ್ನು ಬಳ್ಳಿಯ ಯಾವ ಮೂಲೆಯಲ್ಲಿ ಬಚ್ಚಿಡುವುದೆಂದು ಒಬ್ಬೊಬ್ಬ ಕೆಲಸಗಾರನದೂ ಒಂದೊಂದು ಪದ್ಧತಿ. ರಹಮತ್ ಭಾಯ್ ಅದನ್ನು ಹೇಳಿಕೊಟ್ಟಿದ್ದು ಮಗಳಿಗೊಬ್ಬಳಿಗೇ.

ಬಟ್ಟೆ ಮಗುಚಿ ಬೆರಳಿನಿಂದ ತಡವಿದಳು. ಸೂಜಿಯ ತುದಿಯಿಂದ ಒಮ್ಮೆ ಮೀಟಿದಳು, ಅಷ್ಟೇ. 'ಅರಬ್' ಕೊನೆಯ ಅಕ್ಷರದಿಂದ ಹಿಂದಕ್ಕೆ ಬಿಚ್ಚುತ್ತಾ ಬಂತು. ನಾನು ಜರಿಯನ್ನು ನನ್ನ ಎರಡು ಬೆರಳಿಗೆ ಸುತ್ತಿಕೊಳ್ಳುತ್ತಾ ಹೋದೆ.

"ಬೇರೆ ಗಂಟೆಲ್ಲಾ ಕಲ್ಲು ಥರ ಇದೆ ಮಿಸ್. ಇದೊಂದು ಮುಟ್ಟಿದ ಕೂಡ್ಲೇ ಬಿಟ್ಕೊಂಡ್ಬಿಡ್ತು. ಅಬ್ಬಾಗೆ ಕಣ್ಣು ಕಾಣಿಸ್ತಿಲ್ಲ ಅನ್ಸುತ್ತೆ. ಡಾಕ್ಟರಿಗೆ ತೋರಿಸ್ಬೇಕು," ಎಂದು ಮತ್ತೆ ಅತ್ತಳು.

ಎಳೆಯನ್ನು ಒಂದು ಖಾಲಿ ಬೆಂಕಿಪೊಟ್ಟಣದಲ್ಲಿಟ್ಟು ನನ್ನ ಕೈಗೆ ಕೊಟ್ಟಳು. "ಇದನ್ನ ಅವರಿಗೆ ಕೊಡಿ. ನೀವಾಗಿ ಏನೂ ಹೇಳ್ಬೇಡಿ."

ಬುಶೆಹ್ರ್, ಮದುವೆ

ಮದುವೆಯ ವರ್ಣನೆ ನನ್ನಿಂದ ಆಗದು. ರೈನ್‌ಕೋಟು ಬಿಚ್ಚಲು ಹೆಂಗಸರು ನನಗೆ ಅಪ್ಪಣೆ ಕೊಟ್ಟರು ಎಂಬುದೇ ನನಗೆ ದೊಡ್ಡ ವಿಶೇಷ. ಮಖಮಲ್ಲು ಗೋಡೆಯ ಮೇಲಿತ್ತು. ಎಲ್ಲರೂ ಹೊಗಳಿದರು. ಕೊಲ್ಲಿಯ ಮೇಲೆ ಬರೀ 'ಖಲೀಜ್', ಅಂದರೆ 'ಗಲ್ಫ್' ಎಂದು ಉಳಿದಿತ್ತು, ನಮ್ಮ ಟ್ಯಾನರಿ ರೋಡಿನವರು ಹೇಳುವ ಹಾಗೆ.

ಕ್ಯಾಪ್ಟನ್ ಕೊನೆಗೆ ಬಂದರು. ಕನ್ನಡಕ ತಂದಿರಲಿಲ್ಲವೋ ಏನೋ, ಕೈಯಿಂದ ಮುಟ್ಟಿ ನೋಡಿದರು. ಬೆಂಗಳೂರಿನ ನಕ್ಷತ್ರದಿಂದ ಚುಕ್ಕಿಯ ದಾರಿ ಹಿಡಿದು ಬೆರಳು ನಿಧಾನವಾಗಿ ಮೇಲೆ ಬಂತು. 'ಖಲೀಜ್' ದಾಟಿ ಖಾಲಿ ಜಾಗಕ್ಕೆ ಬಂದು ನಿಂತಿತು. ಮಖಮಲ್ಲಿನ ಮೇಲೆ ಸೂಜಿಯ ತೂತು ಹೋಗುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಆ ಬೆರಳು ತೂತುಗಳ ಮೇಲೆ ಬಲದಿಂದ ಎಡಕ್ಕೆ, ಅಕ್ಷರ ಓದುವಂತೆ, ಒಂದು ಸಲ ಹೋಯಿತು. ಮತ್ತೆ ಇನ್ನೊಂದು ಸಲ. ನಸ್ರೀನ್ ತಲೆ ತಗ್ಗಿಸಿ ಕೂತಿದ್ದಳು.

ಕ್ಯಾಪ್ಟನ್ ಮಗನನ್ನು ಏನೋ ಕೇಳಿದರು. ಬೆಹ್ರೂಜ್ ಬೆಳ್ಳಗಾಗಿ ನನ್ನ ಕಡೆ ತಿರುಗಿದ. "ನಸ್ರೀನ್ ತಂದೆ ಆ ಕಡೆ ಎಷ್ಟು ವರ್ಷ ಇದ್ರು ಅಂತ ಕೇಳ್ತಾರೆ ಆಂಟಿ."

"ಹನ್ನೊಂದು ವರ್ಷ. ಇವಳನ್ನ ಓದಿಸೋಕೆ."

ಕ್ಯಾಪ್ಟನ್ ಒಪ್ಪಿದರು ಎಂದು ನಾನು ಹೇಳುವುದಿಲ್ಲ. ಆ ಮನುಷ್ಯ ಆ ಹೆಸರನ್ನು ಸಾಯುವವರೆಗೂ ಒಪ್ಪುವುದಿಲ್ಲ. ಆದರೆ ಮಖಮಲ್ಲಿನ ಒಂದು ಮೂಲೆ ಸೊಟ್ಟಗೆ ತೂಗುತ್ತಿದ್ದುದನ್ನು ತಾವೇ ಎಳೆದು ನೇರ ಮಾಡಿ, ಸೊಸೆಯ ತಲೆಯ ಮೇಲೆ ಕೈಯಿಟ್ಟು ಹೊರಗೆ ಹೋದರು. ನಾನು ಹೊರಡುವ ದಿನವೂ ಅದು ಅದೇ ಗೋಡೆಯಲ್ಲಿತ್ತು.

ಶಿವಾಜಿನಗರ, ಮತ್ತೆ

ವಿಮಾನ ನಿಲ್ದಾಣದಿಂದ ಆಟೋ ಹತ್ತಿದವಳು ಹಟಕ್ಕೆ ಬಿದ್ದು "ಪುಲಕೇಶಿನಗರದ ಮೇಲೆ ಹೋಗಪ್ಪ" ಎಂದೆ. "ಅದೆಲ್ ಬರುತ್ತೆ ಮೇಡಂ?" ಎಂದ. ಅದರ ಹಳೆಯ ಹೆಸರು ಹೇಳಿ ಫ್ರೇಜರ್ ಟೌನ್ ಎಂದೆ. "ಹಂಗೆ ಹೇಳಿ ಮತ್ತೆ!" ಎಂದು ನನಗೇ ಬೈದು ಮೀಟರ್ ಹಾಕಿದ.

ಮರುದಿನ ರಹಮತ್ ಭಾಯ್ ಚೌಕಟ್ಟಿನ ಮುಂದೆ ಕೂತು ಕೆಂಪು ದುಪಟ್ಟಾಕ್ಕೆ ಕೆಲಸ ಮಾಡುತ್ತಿದ್ದರು. ತಲೆಯೆತ್ತದೆ, "ಎಲ್ಲರೆದುರಿಗೆ ಬಿಚ್ಚಿದ್ರಾ?" ಎಂದರು.

"ಗೋಡೆ ಮೇಲೆ ತೂಗಿದಾರೆ. ಊರೆಲ್ಲ ನೋಡಿತು," ಎಂದೆ. ಅದು ಸುಳ್ಳಲ್ಲ. ಬೆಂಕಿಪೊಟ್ಟಣ ಕೊಟ್ಟೆ.

ತೆರೆದು ನೋಡಿದರು. ಏನೆಂದು ಕೇಳಲಿಲ್ಲ. ತುದಿ ಹುಡುಕಿ ಎಳೆಯನ್ನು ಬಿಡಿಸುತ್ತಾ ಮೊಣಕೈಯಿಂದ ಬೆರಳವರೆಗೆ ಅಳೆಯುತ್ತಾ ಹೋದರು. ಅಕ್ಷರಗಳ ಸುಕ್ಕು ಜರಿಯಲ್ಲಿ ಇನ್ನೂ ಇತ್ತು. ಎಲ್ಲೂ ತುಂಡಾಗಿರಲಿಲ್ಲ.

"ಕತ್ತರಿ ಹಾಕಿಲ್ಲ," ಎಂದರು, ತಮಗೆ ತಾವೇ. ಆಮೇಲೆ, "ಆ ಜಾಗದಲ್ಲಿ ಏನು ತುಂಬಿದಾಳೆ?"

"ಏನೂ ಇಲ್ಲ. ನಾನೇ ಹೊಲಿ ಅಂದೆ. ಅಬ್ಬಾ ಆಡ್ದೇ ಇರೋ ಮಾತು ನಾನು ಆಡಿಸಲ್ಲ ಅಂದ್ಳು."

ರಹಮತ್ ಭಾಯ್ ಎಳೆಯನ್ನು ತೊಡೆಯ ಮೇಲಿಟ್ಟರು. ನೀವಾಗಿ ಏನೂ ಹೇಳ್ಬೇಡಿ ಎಂದು ನಸ್ರೀನ್ ಹೇಳಿದ್ದನ್ನು ಮರೆತು ನಾನು ಬಾಯಿ ಬಿಟ್ಟೆ: "ಆ ಒಂದು ಗಂಟು ಸಡಿಲ ಇತ್ತಂತೆ. ನಿಮ್ಮ ಕಣ್ಣು ಡಾಕ್ಟರಿಗೆ ತೋರಿಸ್ಬೇಕಂತೆ, ಅಳ್ತಿದ್ಳು."

"ಕಣ್ಣಿಗೇನಾಗಿದೆ? ಚೆನ್ನಾಗೇ ಕಾಣ್ಸುತ್ತೆ," ಎಂದರು. "ಆ ಗಂಟು ನಾನೇ ಸಡಿಲ ಬಿಟ್ಟಿದ್ದು ಟೀಚರಮ್ಮ. ಅವರು ಎಂಥವರೋ ಏನೋ. ನನ್ನ ಮಾತು ಅವಳಿಗೆ ಆ ಮನೇಲಿ ಅಡ್ಡ ಬಂದ್ರೆ, ಬಿಚ್ಕೊಳ್ಳಲಿ ಅಂತ."

ಎಳೆಯನ್ನು ಮತ್ತೆ ಸುತ್ತಿ ಪೊಟ್ಟಣದಲ್ಲಿಟ್ಟು ಅಂಗಿಯ ಜೇಬಿಗೆ ಹಾಕಿಕೊಂಡರು. ಎದ್ದು ಚಪ್ಪಲಿ ಹುಡುಕತೊಡಗಿದರು. ಒಂದು ಕಾಲಿಗೆ ಮೆಟ್ಟಿಕೊಂಡು ಇನ್ನೊಂದನ್ನು ಹುಡುಕುತ್ತಲೇ ಕೇಳಿದರು:

"ಆ ಮನೆ ಫೋನ್ ನಂಬರ್ ಇದೆಯಾ ನಿಮ್ಮತ್ರ? ಮೂಲೆ ಬೂತಿಂದ ಅಲ್ಲಿಗೆ ಫೋನ್ ಹೋಗುತ್ತಾ?"